ತಾತನ ಸ್ವೆಟರ್ ಬಿಚ್ಚಿದ ಮೇಲೆ

ಮಾರ್ಚ್ 3, ಮಂಗಳವಾರ

ಈ ಪುಸ್ತಕ ಅಪ್ಪ ಹೊಲಿದುಕೊಟ್ಟದ್ದು. ಶಾಲೆ ಬಿಟ್ಟಾಗ ನನ್ನ ಏಳು ನೋಟ್‌ಬುಕ್ಕುಗಳಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಒಂದು ಗೆರೆಯವು, ಎರಡು ಗೆರೆಯವು, ಕೊನೆಗೆ ಒಂದಷ್ಟು ಗ್ರಾಫ್ ಹಾಳೆ, ಎಲ್ಲವನ್ನೂ ಸೇರಿಸಿ ದಪ್ಪ ದಾರದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿದ. ಜಗಲಿಯಲ್ಲಿ ಅಲ್ಲಿಂದಿಲ್ಲಿಗೆ ನಡೆದು ನೆಲ ಸವೆಸುವ ಬದಲು ಪೆನ್ಸಿಲ್ ಸವೆಸು ಅಂದಳು ಅಮ್ಮ. ಪೆನ್ಸಿಲೂ ಮೋಟು. ಒಣಗಿದ ಪೆನ್ನಿನ ಕೊಳವೆಗೆ ಸಿಕ್ಕಿಸಿ ಉದ್ದ ಮಾಡಿಕೊಂಡಿದ್ದೇನೆ.

ಶಾಲೆ ಯಾಕೆ ಬಿಟ್ಟಳು ಎಂದು ಕೇಳುವವರಿಗೆ ಅಪ್ಪ ಏನೇನೋ ಹೇಳುತ್ತಾನೆ. ನಿಜ ಇಷ್ಟೇ: ಬೆಂಚಿನ ಮೇಲೆ ಕೂರಲು ನನ್ನಿಂದ ಆಗಲಿಲ್ಲ. ಆಮೇಲೆ ಚಪ್ಪಲಿ ಅಂಗಡಿಯಲ್ಲಿ ಹನ್ನೊಂದು ದಿನ ಕೆಲಸ ಮಾಡಿದೆ. ಬಂದವರೊಬ್ಬರಿಗೆ, “ಇದು ನಿಮಗೆ ಕಚ್ಚುತ್ತೆ, ತಗೋಬೇಡಿ” ಅಂದೆ. ಹನ್ನೆರಡನೆಯ ದಿನ ಬರಬೇಡ ಅಂದರು.

ಈಗ ನನ್ನ ಕೆಲಸ ಅಜ್ಜಿಯನ್ನು ನೋಡಿಕೊಳ್ಳುವುದು. ಹದಿನೈದು ದಿನದ ಹಿಂದೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು, ಎರಡು ಬಿಟ್ಟು. ಒಂದು “ಹೂಂ”. ಇನ್ನೊಂದು “ಬಿಚ್ಚು”. ಮಾತು ಒಂದೊಂದಾಗಿ ವಾಪಸ್ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು.

“ಬಿಚ್ಚು” ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅಜ್ಜಿ ಜೀವಮಾನದಲ್ಲಿ ಅತಿ ಹೆಚ್ಚು ಆಡಿದ ಮಾತು ಅದೇ ಇರಬೇಕು. ಮೂರು ಜನ್ಮ ಮುಗಿಯದೆ ಯಾವ ವಸ್ತುವೂ ಹೊಸ್ತಿಲು ದಾಟುವಂತಿಲ್ಲ ಎನ್ನುವುದು ನಮ್ಮ ಮನೆಯ ಕಾನೂನು. ಚಾದರ ನಡುವೆ ಸವೆದರೆ ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವಿಗೆ ತಂದು ಹೊಲಿ. ಮತ್ತೆ ಸವೆದರೆ ದಿಂಬಿನ ಚೀಲ, ಆಮೇಲೆ ಒರೆಸುವ ಬಟ್ಟೆ. ಸ್ವೆಟರ್ ಚಿಕ್ಕದಾಯಿತೇ, ಬಿಚ್ಚು, ಮತ್ತೆ ಹೆಣೆ. ಮೂರನೇ ತರಗತಿಯಲ್ಲಿ ನಾನು ತೊಟ್ಟ ಹಸಿರು ಸ್ವೆಟರ್ ಅದಕ್ಕೂ ಮೊದಲು ಅಪ್ಪನ ಮಫ್ಲರ್ ಆಗಿತ್ತು. ಈಗ ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿದೆ.

ಮಾರ್ಚ್ 4, ಬುಧವಾರ

ಅಮ್ಮ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾಳೆ. ಹೊರಗೆ ಡಾಂಬರು ಮೆತ್ತಗಾಗಿ ಕಾಲಿಗೆ ಅಂಟುವಾಗ, ಒಳಗೆ ಅವಳ ಉಸಿರು ಹೊಗೆಯಾಗಿ ಕಾಣುತ್ತದೆ. ಹಲಗೆಗಳ ಮೇಲೆ ಸೇಬುಗಳು ಸಾಲಾಗಿ ನಿದ್ದೆ ಮಾಡುತ್ತಿರುತ್ತವೆ. ಕೆಟ್ಟ ಕನಸು ಬಿದ್ದವನ್ನು ಎತ್ತಿ ಬೇರೆ ಇಡುವುದು ಅಮ್ಮನ ಕೆಲಸ. ಹೀಗೆಂದು ಅಮ್ಮ ಹೇಳಿದ್ದಲ್ಲ, ನಾನು ಬರೆದದ್ದು. ಅಮ್ಮ ಹೇಳುವುದು “ಕೊಳೆತದ್ದು ಆರಿಸೋದು” ಎಂದು. ಸಂಜೆ ಅವಳು ಬಂದಾಗ ಜಡೆಯನ್ನು ಕೆನ್ನೆಗೆ ಒತ್ತಿಕೊಂಡರೆ ಇನ್ನೂ ತಣ್ಣಗಿರುತ್ತದೆ.

ಏಪ್ರಿಲ್ ಒಂದರಿಂದ ಅವಳನ್ನು ಒಳಕೋಣೆಗೆ ಹಾಕುತ್ತಾರಂತೆ. ಅಲ್ಲಿ ಇನ್ನೂ ಚಳಿ. ಇಬ್ಬರಿಗೆ ಒಂದು ಕೋಟು ಕೊಡುತ್ತಾರೆ, ಸರದಿಯ ಮೇಲೆ. ಒಳಗೆ ತೊಡುವ ಉಲ್ಲನ್ ನಮ್ಮದೇ ಆಗಬೇಕು. ಹೋದ ವರ್ಷ ಒಳಕೋಣೆಯ ಇಬ್ಬರು ಎದೆಗೆ ಕೆಮ್ಮು ಹಿಡಿದು ಮನೆ ಸೇರಿದರು. ಆಗುವುದಿಲ್ಲ ಎಂದವರಿಗೆ ಗೇಟಿನ ದಾರಿ. ಅಮ್ಮನ ಬೂದು ಸ್ವೆಟರಿಗೆ ಎರಡೂ ಮೊಣಕೈಯಲ್ಲಿ ಕಿಟಕಿ ಬಿದ್ದಿದೆ, ಬೆನ್ನು ಬಲೆಯಾಗಿದೆ. ಮೂರನೇ ಜನ್ಮವೂ ಮುಗಿದಿದೆ. ಹೊಸದು ತಗೋ ಅಂದ ಅಪ್ಪ. ಅಮ್ಮ ನಕ್ಕಳು. ಹೊಸದು ಎನ್ನುವುದು ಈ ಮನೆಯಲ್ಲಿ ನಗುವ ಮಾತು.

ನನಗೆ ಒಂದು ಕೆಲಸ ಸಿಗುವ ಹಾಗಿದೆ. ಹೊಸ ರಸ್ತೆಗಾಗಿ ಭೂಮಿ ಅಳೆಯುವವರು ಬಂದಿದ್ದಾರೆ. ಊರಿಂದೂರಿಗೆ ಹೋಗುತ್ತಾರೆ. ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ನಿಲ್ಲಲು ಒಬ್ಬರು ಬೇಕಂತೆ. ಅವರ ಯಜಮಾನ್ತಿಗೆ ಬೀದಿಯವರೆಲ್ಲ ಅಳತೆಯಮ್ಮ ಎನ್ನುತ್ತಾರೆ. ಕೋಲು ಕೊಟ್ಟು, ದೂರದಿಂದ ದುರ್ಬೀನಿನಲ್ಲಿ ನೋಡಿದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, “ಕೋಲು ಹಿಡಿ ಅಂದೆ ಕಣಮ್ಮಾ, ಕುಣಿಸು ಅನ್ನಲಿಲ್ಲ” ಅಂದರು. ಇಪ್ಪತ್ತೈದಕ್ಕೆ ಅವರು ಹೊರಡುತ್ತಾರೆ. ಅಷ್ಟರಲ್ಲಿ ನೆಟ್ಟಗೆ ನಿಲ್ಲುವುದು ಕಲಿತರೆ ಕರೆದುಕೊಂಡು ಹೋಗುತ್ತಾರೆ. ಹೋಗಿಯೇ ಹೋಗುತ್ತೇನೆ.

ಮಾರ್ಚ್ 5, ಗುರುವಾರ

ಇವತ್ತು ಮಧ್ಯಾಹ್ನ ನಾನು ಬಹಳ ಸುಖವಾಗಿದ್ದೆ. ಅದನ್ನು ಮೊದಲು ಬರೆಯಬೇಕು. ತಪ್ಪು ಮಾಡುವಾಗ ಸುಖವಾಗಿತ್ತು ಎನ್ನುವುದೂ ನಿಜವೇ.

ಅಜ್ಜಿಯ ಮಂಚದ ಎಡಕ್ಕೆ ಬಿಚ್ಚಬೇಕಾದವುಗಳ ಬುಟ್ಟಿ, ಬಲಕ್ಕೆ ಹೆಣೆಯುತ್ತಿರುವವುಗಳ ಬುಟ್ಟಿ. ನಾನು ಹುಟ್ಟುವ ಮೊದಲಿಂದ ಹಾಗೇ. ಅಜ್ಜಿ ಮಲಗಿದ್ದಳು. ಕೈ ಸುಮ್ಮನಿರಲಿಲ್ಲ. ಎಡಗಡೆಯ ಬುಟ್ಟಿಗೆ ಕೈ ಹಾಕಿದರೆ ತಾತನ ಕಂದು ಸ್ವೆಟರ್ ಸಿಕ್ಕಿತು, ಕಂಕುಳವರೆಗೆ ಬಿಚ್ಚಿದ ಬೆನ್ನಿನ ಭಾಗ. ತಾತ ಹೋಗಿ ಒಂಬತ್ತು ವರ್ಷ. ಅಷ್ಟೂ ವರ್ಷ ಆ ಒಂದು ಸ್ವೆಟರನ್ನು ಮಾತ್ರ ಅಜ್ಜಿ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಿದ್ದಳು. ಅಂತೂ ಮನಸ್ಸು ಗಟ್ಟಿ ಮಾಡಿ ಶುರು ಮಾಡಿದ್ದಾಳೆ, ನಾನು ಮುಗಿಸಿಕೊಡೋಣ ಎಂದುಕೊಂಡೆ.

ತುದಿ ಹಿಡಿದು ಎಳೆದೆ. ನೂಲು ಒಂದೊಂದೇ ಸಾಲು ಬಿಚ್ಚಿಕೊಳ್ಳುತ್ತಾ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಿತು. ತಾತ ಜಗಲಿಯಲ್ಲಿ ಹಿಂದು ಹಿಂದಕ್ಕೆ ನಡೆಯುತ್ತಿದ್ದಾನೆ ಅನ್ನಿಸಿತು. ಬಾಗಿಲಿಂದ ಕುರ್ಚಿಗೆ, ಮುದುಕತನದಿಂದ ಮೀಸೆ ಕಪ್ಪಾಗಿದ್ದ ಕಾಲಕ್ಕೆ. ಕಿಟಕಿಯ ಬಿಸಿಲಿನಲ್ಲಿ ಉಣ್ಣೆಯ ನಯವಾದ ಧೂಳು ತೇಲುತ್ತಿತ್ತು. ಒಂದು ಗಂಟೆ ನಾನು ಎದ್ದೇ ಇರಲಿಲ್ಲ.

ಅಜ್ಜಿ ಎಚ್ಚರವಾದಾಗ ನನ್ನ ಮಡಿಲಲ್ಲಿ ಒಂದು ಉಂಡೆ ಮಾತ್ರ ಇತ್ತು. ಅವಳ ಗಂಟಲಿಂದ ಒಂದು ಸದ್ದು ಬಂತು. ಮಾತಲ್ಲ. ಎಡಗೈಯಿಂದ ಉಂಡೆಯನ್ನು ಎಳೆದುಕೊಂಡು ಎದೆಗೆ ಒತ್ತಿ ಗೋಡೆಗೆ ತಿರುಗಿದಳು.

ಸಂಜೆ ಅಪ್ಪ ಬಂದವನು ನೋಡಿ ತಲೆಗೆ ಕೈ ಹಚ್ಚಿದ. “ಅದರಲ್ಲಿ ಹೆಣೆಯೋ ಕಡ್ಡಿ ಇತ್ತಲ್ಲೇ. ಮಂಚ ತಿರುಗಿಸುವಾಗ ಕಣ್ಣಿಗೆ ಚುಚ್ಚೀತು ಅಂತ ನಾನೇ ತೆಗೆದು ಪೆನ್ನಿನ ಡಬ್ಬಿಗೆ ಹಾಕಿದೆ.”

ಆಸ್ಪತ್ರೆಯಿಂದ ಬಂದ ದಿನ, ಸರಿಯಿರುವ ಕೈ ನಮ್ಮ ಕಡೆ ಇರಲಿ ಎಂದು ಮಂಚದ ತಲೆದೆಸೆಯನ್ನು ಕಾಲ್ದೆಸೆ ಮಾಡಿದ್ದರು. ಬುಟ್ಟಿಗಳು ಇದ್ದಲ್ಲೇ ಇದ್ದವು. ಅಜ್ಜಿಯ ಬಲ ಎಡವಾಗಿತ್ತು. ತಾತನ ಸ್ವೆಟರನ್ನು ಅಜ್ಜಿ ಯಾವಾಗಲೋ ಪೂರ್ತಿ ಬಿಚ್ಚಿ, ಉಂಡೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಅದೇ ನೂಲಿನಲ್ಲಿ ಬೇರೊಂದನ್ನು ಹೆಣೆಯುತ್ತಾ ಕಂಕುಳವರೆಗೆ ಬಂದಿದ್ದಳು. ಅರ್ಧ ಬಿಚ್ಚಿದ್ದೂ ಅರ್ಧ ಹೆಣೆದದ್ದೂ ನೋಡಲು ಒಂದೇ. ಅವಳ ಬಲಗೈ ಮಾಡಿದ ಕೊನೆಯ ಕೆಲಸವನ್ನು ಒಂದು ಗಂಟೆಯಲ್ಲಿ ಉಂಡೆ ಮಾಡಿದೆ.

ಹತ್ತಿರ ಹೋಗಿ ಕೂತು ಹೇಳಿದೆ. “ಅಜ್ಜಿ, ಬಿಚ್ಚಿದ್ದು ನಾನು. ಒಂದು ಸಾಲೂ ಬಿಟ್ಟಿಲ್ಲ.” ಎಡಬಲ ತಪ್ಪಿತು ಎಂದು ಹೇಳಬೇಕೆನಿಸಿತು. ಅದೂ ನಿಜವೇ. ಆದರೆ ಇವತ್ತೇ ಹೇಳಿದರೆ ತಪ್ಪಿಸಿಕೊಂಡ ಹಾಗಾಗುತ್ತಿತ್ತು.

ಮಾರ್ಚ್ 8, ಭಾನುವಾರ

ಅಪ್ಪ ಬಡಗಿ. ಭಾನುವಾರ ಬೆಳಿಗ್ಗೆ ಹಳೆ ಪೆಟ್ಟಿಗೆಗಳಿಂದ ಕಿತ್ತ ಡೊಂಕು ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಾನೆ. ಆ ಟಿಕ್ ಟಿಕ್ ಸದ್ದಿನ ನಡುವೆ ಅಜ್ಜಿ ಮೂರು ದಿನಗಳ ನಂತರ ನನ್ನ ಕಡೆ ತಿರುಗಿದಳು. ದಿಂಬಿನ ಕೆಳಗಿಂದ ಒಂದು ಬಿಳಿ ದಾರ ತೆಗೆದು ಕೊಟ್ಟಳು. ಅದರಲ್ಲಿ ಮೂರು ಗಂಟು.

ಅಳತೆ ದಾರ. ಯಾರದು ಎಂದು ಬಾಯಲ್ಲಿ ಹೇಳಲಾರಳು. ಅಪ್ಪನ ಎದೆಗೆ ಹಿಡಿದೆ, ಸಾಲಲಿಲ್ಲ. ನನಗೆ ಹಿಡಿದುಕೊಂಡೆ, ಇನ್ನೊಬ್ಬಳು ಹಿಡಿಸುವಷ್ಟು ಉಳಿಯಿತು. ಹಿತ್ತಲಿನ ತಂತಿಯ ಮೇಲೆ ಅಮ್ಮನ ಅಂಗಿ ಒಣಗುತ್ತಿತ್ತು. ಭುಜದಿಂದ ಭುಜಕ್ಕೆ ಮೊದಲ ಗಂಟು, ತೋಳಿಗೆ ಎರಡನೆಯದು, ಸುತ್ತಳತೆಗೆ ಮೂರನೆಯದು, ಕೂದಲೆಳೆ ತಪ್ಪದೆ ಕೂತವು.

ತುಂಬ ಹೊತ್ತು ತಂತಿಯ ಕೆಳಗೇ ನಿಂತಿದ್ದೆ. ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ನನ್ನ ಅಮ್ಮನ ಜೊತೆ ಮಾತಾಡುವುದಿಲ್ಲ. ಜಗಳವಿಲ್ಲ, ಒಂದೇ ಕೋಣೆಯಲ್ಲಿ ಕೂತು ಒಂದೇ ಪಾತ್ರೆಯ ಊಟ ಮಾಡುತ್ತಾರೆ. ಮಾತು ಮಾತ್ರ ನನ್ನ ಮೂಲಕ. “ನಿಮ್ಮಮ್ಮನಿಗೆ ಹೇಳು, ಉಪ್ಪು ಮುಂದಾಗಿದೆ.” “ನಿಮ್ಮಜ್ಜಿಗೆ ಹೇಳು, ನಾಲಿಗೆ ಚುರುಕಾಗಿರೋದು ಸಂತೋಷ.” ನಾಲ್ಕು ಅಡಿ ದೂರದಲ್ಲಿ ಇಬ್ಬರೂ ಇರುವಾಗಲೇ ನಾನು ತಿರುಗಿ ಹೇಳಬೇಕು. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳುತ್ತೇನೆ. ನನಗೆ ಮಾತು ಬರುವ ಮೊದಲು ಅಪ್ಪ ಈ ಕೆಲಸ ಮಾಡುತ್ತಿದ್ದ. ಅಮ್ಮ ಮದುವೆಯಾಗಿ ಬಂದ ಮೊದಲ ವಾರ, ಸೋಪಿನ ಚೂರು ಕೂಡಿಟ್ಟಿದ್ದ ಕಾಲುಚೀಲವನ್ನು ಕಸವೆಂದು ಎಸೆದಳಂತೆ. ಅಲ್ಲಿಂದ ಹತ್ತೊಂಬತ್ತು ವರ್ಷ. ಈಗ ಅಮ್ಮನೇ ಅಜ್ಜಿಗಿಂತ ಒಂದು ಕೈ ಮೇಲಾಗಿ ಸೋಪಿನ ಚೂರು ಕೂಡಿಡುತ್ತಾಳೆ. ಆದರೂ ಮಾತು ಹಿಡಿದ ದಾರಿ ಬಿಡಲಿಲ್ಲ.

ಒಳಗೆ ಹೋಗಿ, “ಅಮ್ಮನಿಗಾ?” ಎಂದೆ.

“ಹೂಂ.” ಆಮೇಲೆ ಎಡಗೈಯ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ಅದೇ ಬೆರಳನ್ನು ನನ್ನ ಕಡೆ ತಿರುಗಿಸಿದಳು.

ನನಗೆ ಹೆಣೆಯಲು ಬರುವುದಿಲ್ಲ. ಹಾಗೆಂದು ಹೇಳಿದೆ. ಅಜ್ಜಿ ಬೆರಳು ಇಳಿಸಲಿಲ್ಲ.

ಮಾರ್ಚ್ 9, ಸೋಮವಾರ

ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದೆ. ಎಲ್ಲೆಲ್ಲಿ ಬಾಗಿತ್ತು ಎಂಬುದನ್ನು ಮರೆಯುವುದಿಲ್ಲ. ಉದ್ದಕ್ಕೆ ಸುತ್ತಿ ಲಡಿ ಮಾಡಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ತಂತಿಗೆ ನೇತುಹಾಕಿ, ಕೆಳಗೆ ಅಪ್ಪನ ಹಳೆ ಬೀಗ ಕಟ್ಟಿದೆ. ನೀರು ತೊಟ್ಟಿಕ್ಕುತ್ತಾ ಅದು ನಿಧಾನವಾಗಿ ನೆಟ್ಟಗಾಯಿತು. ಗಾಳಿ ಬಂದಾಗ ಲಡಿಯ ಒಳಗಿಂದ ಆಕಾಶ ಕಂಡಿತು. ಆ ನೀರನ್ನು ಕುಂಡಕ್ಕೆ ಹಾಕಿದೆ.

ಮಾರ್ಚ್ 11, ಬುಧವಾರ

ಪಾಠ ಹೀಗೆ: ನಾನು ಮಂಚದ ಪಕ್ಕ ನೆಲದ ಮೇಲೆ. ಅಜ್ಜಿಯ ಎಡಗೈ ನನ್ನ ಭುಜದ ಮೇಲೆ. ಒಂದು ತಟ್ಟಿದರೆ ಸೀದಾ ಕುಣಿಕೆ, ಎರಡು ತಟ್ಟಿದರೆ ಉಲ್ಟಾ. ತಪ್ಪಿದರೆ ತಟ್ಟುವುದು ನಿಲ್ಲುತ್ತದೆ, ಮಾತು ಬರುತ್ತದೆ.

“ಬಿಚ್ಚು.”

ಇವತ್ತು ಹನ್ನೊಂದು ಸಲ. ಒಂದು ಸಲ ಸಿಟ್ಟು ಬಂದು ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದೆ. ಬಂದಾಗ ಅಜ್ಜಿಯ ಕೈ ನಾನು ಕೂತಿದ್ದ ಎತ್ತರದಲ್ಲೇ, ಗಾಳಿಯಲ್ಲೇ ಇತ್ತು.

ಮಾರ್ಚ್ 14, ಶನಿವಾರ

ಬೆಳಿಗ್ಗೆ ಅಜ್ಜಿ “ನೀರು” ಅಂದಳು. ಸ್ಪಷ್ಟವಾಗಿ. ಅಪ್ಪ ಗರಗಸ ಬಿಟ್ಟು ಓಡಿಬಂದ. ತಂಬಿಗೆ ಅಮ್ಮನ ಕೈಯಲ್ಲೇ ಇತ್ತು. ಆದರೂ ಅಜ್ಜಿ ಅಂದದ್ದು ನನ್ನ ಮುಖ ನೋಡಿ. ಅಮ್ಮ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು, ನಾನು ಅಜ್ಜಿಗೆ ಕೊಟ್ಟೆ.

ಅಮ್ಮನಿಗೆ ಅನುಮಾನ ಬಂದಿದೆ. ಮಧ್ಯಾಹ್ನವೆಲ್ಲ ಅಜ್ಜಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತೀ ಎಂದು ಕೇಳಿದಳು.

“ಹೇಳಲ್ಲ.”

“ಸುಳ್ಳು ಹೇಳೋಕೆ ಬರಲ್ಲ ಅಂತ ಹೀಗಾ?”

“ಹೂಂ. ಸುಳ್ಳು ಹೇಳಲ್ಲ. ನಿಜಾನೂ ಹೇಳಲ್ಲ.”

ಆ ಅಳತೆಯವರ ಜೊತೆ ಓಡಿಹೋಗುವ ಯೋಚನೆಯಲ್ಲ ತಾನೆ ಎಂದಳು. ಅಲ್ಲ ಎಂದೆ. ಹೇಳಿದ ಮೇಲೆ ನೆನಪಾಯಿತು, ಮೂರು ದಿನದಿಂದ ಕೋಲು ಹಿಡಿದು ನಿಲ್ಲುವ ಅಭ್ಯಾಸಕ್ಕೆ ಹೋಗಿಲ್ಲ. ನಾಳೆ ಹೋಗಬೇಕು.

ಮಾರ್ಚ್ 19, ಗುರುವಾರ

ಬೆನ್ನು ಕಂಕುಳವರೆಗೆ ಬಂದಿತ್ತು. ಕೆಳಗಿಂದ ನಾಲ್ಕನೇ ಸಾಲಿನಲ್ಲಿ ಒಂದು ಕುಣಿಕೆ ತಪ್ಪಿದೆ. ನಾನು ನೋಡಿದೆ. ಅಜ್ಜಿ ನೋಡಿರಲಿಲ್ಲ. ತೋರಿಸಿದೆ.

“ಬಿಚ್ಚು.”

ಬಿಚ್ಚಿದೆ. ಇನ್ನೇನೂ ಬರೆಯಲು ಇಷ್ಟವಿಲ್ಲ.

ಮಾರ್ಚ್ 22, ಭಾನುವಾರ

ಗ್ರಾಫ್ ಹಾಳೆ ಬಂತು. ಶಾಲೆಯಲ್ಲಿ ಇದರ ಮೇಲೆ ಏನು ಬರೆಯಬೇಕೆಂದು ನನಗೆ ಯಾವತ್ತೂ ಅರ್ಥವಾಗಲಿಲ್ಲ. ಈಗ ಒಂದು ಚೌಕಕ್ಕೆ ಒಂದು ಕುಣಿಕೆ. ತೋಳು ಎಲ್ಲಿ ಕಿರಿದಾಗಬೇಕು ಎಂದು ಗುರುತು ಹಾಕಿದೆ. ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿಸಿ ನೋಡಿ, ಉಗುರಿನಿಂದ ಎರಡು ಚೌಕ ಈಚೆಗೆ ಸರಿಸಿದಳು. ಅವಳೇ ಸರಿ.

ಕೈ ಪಳಗಿದೆ, ಅಮ್ಮ ಮಲಗಿದ ಮೇಲೂ ಹೆಣೆಯುತ್ತೇನೆ. ಬೆನ್ನು ಮುಗಿದಿದೆ, ಎದೆ ಅರ್ಧವಾಗಿದೆ. ಬೆಳಗಾಗುವ ಮುಂಚೆ ಒಂದು ಕನಸು ಬಿತ್ತು. ಮನೆಯೇ ಹೆಣೆದದ್ದು. ಗೋಡೆ ಸೀದಾ ಸಾಲು, ಚಾವಣಿ ಉಲ್ಟಾ ಸಾಲು. ಹಿತ್ತಲ ಬಾಗಿಲಿನ ಹತ್ತಿರ ಒಂದು ಎಳೆ ಜೋತಾಡುತ್ತಿತ್ತು. ತಾತ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ, ಯಾರೂ ಎಳೆಯದ ಹಾಗೆ. ಅವನ ಮೈಮೇಲೆ ಸ್ವೆಟರ್ ಇರಲಿಲ್ಲ. ಚಳಿ ಆಗಲ್ವಾ ಎಂದು ಕೇಳಿದೆ. ನನಗ್ಯಾಕೆ ಇನ್ನು ಎಂದು ಕೈ ಆಡಿಸಿದ.

ಎದ್ದಾಗ ನಕ್ಕಿದ್ದೆ ಅಂತ ಅಪ್ಪ ಹೇಳಿದ.

ಮಾರ್ಚ್ 25, ಬುಧವಾರ

ಎಡತೋಳು ಶುರು. ಸಂಜೆ ಅಳತೆಯಮ್ಮ ಬಾಗಿಲಿಗೆ ಬಂದರು. ಜೀಪು ಹೊರಟು ನಿಂತಿತ್ತು. ನಾನು ಎದ್ದರೆ ಕಡ್ಡಿಯಿಂದ ಕುಣಿಕೆ ಜಾರುತ್ತಿತ್ತು. ಕೂತಲ್ಲೇ ಸಾಲು ಮುಗಿಸಿ, ಈ ತೋಳು ಆಗೋವರೆಗೆ ಏಳೋಕಾಗಲ್ಲ ಎಂದೆ. ಅವರು ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಕೆಲಸ ಮುಗಿದ ಮೇಲೆ ಇದೇ ದಾರಿಯಲ್ಲಿ ವಾಪಸ್ ಬರುತ್ತೇವೆ, ಆಗ ಕೇಳುತ್ತೇನೆ ಎಂದು ಹೋದರು.

ಕಂಕುಳಿಂದ ಇಳಿಸುವಾಗ ಆರು ಸಾಲಿಗೊಂದು ಕುಣಿಕೆ ಕಡಿಮೆ ಮಾಡಬೇಕು. ಮರೆಯಬಾರದು.

ಮಾರ್ಚ್ 29, ಭಾನುವಾರ

ಎಡತೋಳು ಆಯಿತು. ಬಲತೋಳಿಗೆ ನೂಲು ಸಾಲುತ್ತದೋ ಇಲ್ಲವೋ. ಉಂಡೆ ಕಿತ್ತಳೆಯಷ್ಟಾಗಿದೆ. ಅಮ್ಮ ಮಡಿಲಲ್ಲಿ ಹಳೆ ಬೂದು ಸ್ವೆಟರ್ ಹರಡಿಕೊಂಡು, ಮೊಣಕೈಯ ಕಿಟಕಿಗಳಿಗೆ ತೇಪೆ ಹಾಕುತ್ತಿದ್ದಾಳೆ. ತೇಪೆ ಹಿಡಿಯಲು ಸುತ್ತ ಬಟ್ಟೆಯೇ ಇಲ್ಲ. ಸೂಜಿ ಹಾಕಿದಲ್ಲೆಲ್ಲ ಬಿಡುತ್ತದೆ. ಈಗಲೇ ಆಗಾಗ ಕೆಮ್ಮುತ್ತಾಳೆ.

ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂತು. ಅಜ್ಜಿ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ಬೆರಳು.

ಮಾರ್ಚ್ 31, ಮಂಗಳವಾರ

ಮುಗಿಯಿತು. ಭುಜ ಸೇರಿಸಿ ಹೊಲಿದೆ, ಕುತ್ತಿಗೆಯ ಪಟ್ಟಿ ಹೆಣೆದೆ. ಉಳಿದ ನೂಲು ನನ್ನ ಗೇಣಿನಷ್ಟು.

ಹಾಸಿಗೆಯ ಮೇಲೆ ಹರಡಿ ನೋಡಿದರೆ, ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಗ್ರಾಫ್ ಹಾಳೆಯಲ್ಲಿ ಸರಿಯಾಗಿಯೇ ಇದೆ. ಎಡತೋಳು ಮಾಡುವಾಗ ಕೈ ಸಡಿಲ ಬಿಟ್ಟಿದ್ದೆ, ಬಲತೋಳಿನಲ್ಲಿ ನೂಲು ಸಾಲದೆಂದು ಬಿಗಿ ಹಿಡಿದಿದ್ದೆ. ಅಜ್ಜಿಗೆ ತೋರಿಸಿದೆ.

“ಬಿಚ್ಚಲಾ ಅಜ್ಜಿ? ಕೂತರೆ ಬೆಳಿಗ್ಗೆಯೊಳಗೆ ಆಗುತ್ತೆ.”

ಅಜ್ಜಿ ಎರಡು ತೋಳನ್ನೂ ಎಡಗೈಯಲ್ಲಿ ಸವರಿದಳು. ಬೆನ್ನಿನ ಮೇಲೆ, ತಪ್ಪಿದ್ದ ಕುಣಿಕೆ ಇರುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟಳು. ನಾನು ಕಾದೆ. ಆ ಮಾತು ಬರಲಿಲ್ಲ. ನನ್ನ ಕೈಯಿಂದ ಎರಡೂ ಕಡ್ಡಿ ತೆಗೆದುಕೊಂಡು ತನ್ನ ದಿಂಬಿನ ಕೆಳಗೆ ಹಾಕಿಕೊಂಡಳು.

ಏಪ್ರಿಲ್ 1, ಬುಧವಾರ

ಏಳೂವರೆಗೆ ಅಮ್ಮ ಹೊರಡುತ್ತಾಳೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬೂದು ಸ್ವೆಟರನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಜ್ಜಿ ನನ್ನನ್ನು ತಟ್ಟಿದಳು, ಒಂದು ಸಲ. ನಾನು ಕಂದು ಸ್ವೆಟರ್ ತಂದು ಅಮ್ಮನ ಮುಂದೆ ಹಿಡಿದೆ.

ಅಮ್ಮ ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಗುರುತು ಸಿಕ್ಕಿತು. “ಇದು ಮಾವನದ್ದಲ್ವಾ?”

ನಾನು ಎಲ್ಲ ಹೇಳಿದೆ. ಲಕ್ವ ಹೊಡೆಯುವ ಮೊದಲೇ ಅಜ್ಜಿ ಕಂಕುಳವರೆಗೆ ಹೆಣೆದದ್ದು, ನಾನು ಬಿಚ್ಚಿ ಹಾಳು ಮಾಡಿದ್ದು, ತಂತಿಯ ಮೇಲಿನ ಅಂಗಿಯಿಂದ ಅಜ್ಜಿ ಕದ್ದ ಅಳತೆ, ಇಷ್ಟು ದಿನದ ಮುಚ್ಚಿದ ಬಾಗಿಲು. ಎಡಬಲದ ವಿಷಯವನ್ನೂ ಹೇಳಿದೆ. ಒಂದು ತೋಳು ಉದ್ದ ಎನ್ನುವುದನ್ನೂ ಹೇಳಿದೆ. ಅಮ್ಮ ಎರಡು ತೋಳನ್ನೂ ಜೋಡಿಸಿ ಹಿಡಿದು ನೋಡಿದಳು. ಅಭ್ಯಾಸಬಲ ಇರಬೇಕು, ಈ ಎಡಗಡೆಯದನ್ನೊಂದು ಬಿಚ್ಚಿಬಿಟ್ಟರೆ ಎಂದು ಮಾತು ತೆಗೆದಳು. ನನ್ನ ಕಡೆ ತಿರುಗಿ, ಅಜ್ಜಿಗೆ ಕೇಳು ಎನ್ನುವ ಹಾಗೆ.

“ಹಾಕ್ಕೋ.”

ಅಜ್ಜಿ ಅಂದದ್ದು. ಹೊಸ ಮಾತು. ತೊದಲು ಇತ್ತು, ಆದರೆ ತಿಳಿಯಿತು. ನಾನು ಖುಷಿಯಲ್ಲಿ, ಯಾವಾಗಿನಂತೆ, ಅಮ್ಮನ ಕಡೆ ತಿರುಗಿದೆ.

“ಅಮ್ಮ, ಹಾಕ್ಕೋಬೇಕಂತೆ.”

ಅಮ್ಮ ನನ್ನನ್ನು ನೋಡುತ್ತಿರಲಿಲ್ಲ. ಅಜ್ಜಿಯೂ ನನ್ನನ್ನು ನೋಡುತ್ತಿರಲಿಲ್ಲ.

“ಕೇಳಿಸ್ತು ಕಣೇ” ಅಂದಳು ಅಮ್ಮ.

ಅಲ್ಲೇ ತಲೆಯ ಮೇಲಿಂದ ಇಳಿಸಿಕೊಂಡಳು. ಎಡತೋಳಿನ ತುದಿಯನ್ನು ಎರಡು ಬೆರಳು ಮಡಿಚಿದಳು. ಚೀಲಕ್ಕೆ ಹಾಕಿಕೊಂಡು ಹೋಗು, ಬಿಸಿಲಿದೆ ಎಂದ ಅಪ್ಪ. ಅವಳಿಗೆ ಅದು ಕೇಳಿಸಲಿಲ್ಲ. ಅಜ್ಜಿಯ ಮಂಚವನ್ನು ಕಿಟಕಿಯ ಹತ್ತಿರಕ್ಕೆ ನಾನೂ ಅಪ್ಪನೂ ಎಳೆದೆವು. ಬೀದಿಯಲ್ಲಿ ಎಲ್ಲರೂ ನೆರಳು ಹುಡುಕಿಕೊಂಡು ಗೋಡೆ ಬದಿಯಲ್ಲಿ ನಡೆಯುತ್ತಿದ್ದರು. ಅಮ್ಮ ಕಂದು ಸ್ವೆಟರ್ ತೊಟ್ಟು ಬೀದಿಯ ನಡುವೆ, ಬಿಸಿಲಿನಲ್ಲಿ, ತಿರುವಿನವರೆಗೂ ಹಾಗೇ ನಡೆದುಹೋದಳು.

ಉಳಿದ ಗೇಣುದ್ದದ ನೂಲನ್ನು ಈ ಪುಸ್ತಕಕ್ಕೆ ಗುರುತಿನ ದಾರ ಮಾಡಿದ್ದೇನೆ. ಬೂದು ಸ್ವೆಟರ್ ಬಿಚ್ಚಬೇಕಾದವುಗಳ ಬುಟ್ಟಿಯಲ್ಲಿದೆ, ಬಲಗಡೆ. ಮಂಚ ತಿರುಗಿಸಿದ ಮೇಲಿನ ಬಲ. ಅಜ್ಜಿಯನ್ನು ಕೇಳಿ ಖಚಿತ ಮಾಡಿಕೊಂಡೆ.